ಕೆನ್ನೆಯ ತಪ್ಪು

ಫೆಬ್ರವರಿ 3, ಸೋಮವಾರ

ಸಂಪಾದಕರು ನನ್ನ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟು, "ತಗೋ ಪಿಸುಮಾತು, ನಿನ್ನ ಮೊದಲನೇ ವಿಮರ್ಶೆ" ಎಂದರು. ಪಿಸುಮಾತು ಎಂದರೆ ನಾನು. ನಾನು ಹೇಳಿದ್ದು ಯಾರಿಗೂ ಒಂದೇ ಸಲಕ್ಕೆ ಕೇಳಿಸುವುದಿಲ್ಲ. ಹಾಗಾಗಿ ಕಚೇರಿಗೆ ಸೇರಿದ ವಾರದಲ್ಲೇ ಈ ಹೆಸರು ಬಿತ್ತು.

ಸಾಹಿತ್ಯ ಓದಿ ಬಂದವಳಿಗೆ ವಿಮರ್ಶೆ ಎಂಬ ಶಬ್ದ ಕಿವಿಗೆ ಬಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಡಬ್ಬಿ ತೆರೆದರೆ ಒಳಗಿದ್ದದ್ದು ಫೋನು. ಆದರೂ ಬೆನ್ನು ಬಾಗಿಸಲಿಲ್ಲ. ನಮ್ಮದು ಕೊಳ್ಳುವವರಿಗೆ ದಾರಿ ಹೇಳುವ ವಾರಪತ್ರಿಕೆ. ಮಿಕ್ಸಿ, ಫ್ಯಾನು, ಚಪ್ಪಲಿ, ಎಲ್ಲಕ್ಕೂ ಇಲ್ಲಿ ವಿಮರ್ಶೆ ಉಂಟು. ಕೊಟ್ಟ ವಸ್ತುವನ್ನು ಒಂದಷ್ಟು ವಾರ ಸ್ವಂತದ್ದರಂತೆ ಬಳಸಬೇಕು, ಆಮೇಲೆ ಹೆಸರು ಮತ್ತು ಫೋಟೋ ಸಮೇತ ಬರೆಯಬೇಕು. ನನ್ನ ಹಳೆಯ ಫೋನನ್ನು ಸಂಪಾದಕರೇ ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಚೆನ್ನಾಗಿ ಬರೆದ್ರೆ ತಿಂಗಳ ಕೊನೆಗೆ ಕೆಲಸ ಕಾಯಂ. ಆದ್ರೆ ಫೋನಲ್ಲಿ ಮಾತಾಡೋದನ್ನೂ ಕಲಿ. ಓದುಗರ ಅಭಿಪ್ರಾಯ ಕೇಳೋರು ಹೀಗೆ ಪಿಸುಗುಟ್ಟಿದ್ರೆ ಆಗುತ್ತಾ?"

"ಆಗಲ್ಲ ಸರ್."

"ಏನಂದೆ?"

"ಆಗಲ್ಲ ಸರ್."

ಫೋನು ಮಾತ್ರ ನೋಡುತ್ತಲೇ ಇರಬೇಕು ಎನ್ನುವ ಹಾಗಿದೆ. ಬೆನ್ನನ್ನು ಓರೆ ಮಾಡಿದರೆ ನೀಲಿ, ನೇರ ಹಿಡಿದರೆ ಹಸಿರು, ಪಾರಿವಾಳದ ಕತ್ತಿನಂತೆ. ಅಂಚುಗಳು ಬಳಸಿ ಸವೆದ ಸೋಪಿನಷ್ಟು ನಯ. ಅಗ್ಗದ್ದೆಂದು ಯಾರೂ ಹೇಳಲಾರರು.

ನಾನಿರುವುದು ದೊಡ್ಡಮ್ಮನ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ನಾನು. ಉದ್ದವಾದ ಪ್ಯಾಂಟನ್ನು ಮೋಟು ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ದಪ್ಪಗಾದವರಿಗೆ ಬಟ್ಟೆ ಸಡಿಲಿಸಿ ಕೊಡುವುದು ಅವಳ ಕೆಲಸ. ಗಿರಾಕಿಗಳೆಲ್ಲ ಬರುವುದು ಫೋನಿನ ಮೂಲಕ. ಅವಳು ಕತ್ತರಿ ಕೆಳಗಿಟ್ಟು ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಎಷ್ಟು ಚಂದ ಇದೆಯೇ. ಇದರ ಮುಂದೆ ನಂದು ಇಸ್ತ್ರಿಪೆಟ್ಟಿಗೆ ಥರ ಕಾಣುತ್ತೆ. ಹೇಗಿದೆ?"

"ಪರವಾಗಿಲ್ಲ."

"ನಿಂದೊಂದು ಪರವಾಗಿಲ್ಲ. ಊಟ ಹೇಗಿದೆ ಅಂದ್ರೂ ಪರವಾಗಿಲ್ಲ, ಬಾಗಿಲಿಗೆ ಬೆರಳು ಸಿಕ್ಕಿಸ್ಕೊಂಡ್ರೂ ಪರವಾಗಿಲ್ಲ. ಬರೆದು ಮುಗಿಸು, ನೀನು ಹೂಂ ಅಂದ್ರೆ ನಾನೂ ಒಂದು ತಗೋತೀನಿ."

ಫೆಬ್ರವರಿ 6, ಗುರುವಾರ

ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ. ಬ್ಯಾಟರಿ ಬೆಳಗಿನಿಂದ ಮಲಗುವವರೆಗೆ ಬರುತ್ತದೆ, ಗೊಣಗುವುದಿಲ್ಲ. ಕನ್ನಡ ಒತ್ತಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಕ್ಯಾಮೆರಾ ಎಲ್ಲರನ್ನೂ ಮದುವೆ ಹೆಣ್ಣಿನಷ್ಟು ಬೆಳ್ಳಗೆ ಮಾಡುತ್ತದೆ. ದೊಡ್ಡಮ್ಮನ ಫೋಟೋ ತೆಗೆದರೆ ಅವಳ ಗಲ್ಲದ ಮಚ್ಚೆಯೇ ಮಾಯ. "ನಮ್ಮಮ್ಮ ಕೊಟ್ಟಿದ್ದು ಕಣೇ ಅದು, ವಾಪಸ್ ತರಿಸು" ಎಂದಳು.

ಬಿಸಿಲಿಗೆ ಹೋದರೆ ಪರದೆಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಪಾತ್ರೆ ತೊಳೆದ ಕೈಯಲ್ಲಿ ಮುಟ್ಟಿದರೆ ನಾನು ಯಾರೆಂದೇ ಗೊತ್ತಿಲ್ಲದ ಹಾಗೆ ಆಡುತ್ತದೆ. ಹೊಲಿಗೆ ಯಂತ್ರದ ಮೇಜಿನ ಮೇಲಿಟ್ಟಿದ್ದೆ, ಯಾರೂ ಮುಟ್ಟದೆ ತಾನಾಗಿ ಜಾರಿ ಚಿಂದಿಬುಟ್ಟಿಗೆ ಬಿತ್ತು. ಇವೆಲ್ಲ ಸಣ್ಣ ಪುಟ್ಟ ದೋಷಗಳು. ಅಂದಗಾರರಿಗೆ ಇಷ್ಟು ಸಲಿಗೆ ಎಲ್ಲರೂ ಕೊಡುತ್ತಾರೆ.

ಫೆಬ್ರವರಿ 10, ಸೋಮವಾರ

ಓದುಗರಿಗೆ ಫೋನು ಮಾಡುವ ಕೆಲಸ ಶುರುವಾಯಿತು. ಇವತ್ತಿನ ದಿನವನ್ನು ಹರಿದು ಬಿಸಾಡುವ ಹಾಗಿದ್ದರೆ ಬಿಸಾಡುತ್ತಿದ್ದೆ.

ಮೊದಲನೆಯವರು "ಹಲೋ" ಎಂದರು. ನಾನು ಪತ್ರಿಕೆಯ ಹೆಸರು ಹೇಳಿದೆ. ಮತ್ತೆ "ಹಲೋ" ಎಂದರು. ಇನ್ನೊಮ್ಮೆ ಹೇಳಿದೆ. "ಹಲೋ, ಯಾರ್ರೀ ಅದು, ಮಾತಾಡ್ರೀ" ಎಂದರು. ಕೇಳಿಸುತ್ತಿಲ್ಲವೆಂದು ಫೋನನ್ನು ಮುಖಕ್ಕೆ ಇನ್ನೂ ಒತ್ತಿ ಹಿಡಿದು ಹೇಳಿದೆ. ಇಟ್ಟುಬಿಟ್ಟರು. ಎರಡನೆಯವರದೂ ಇದೇ ಕಥೆ. ಮೂರನೆಯವರು ವಯಸ್ಸಾದ ಹೆಂಗಸು. ಪಕ್ಕದಲ್ಲಿದ್ದ ಯಾರಿಗೋ, "ಯಾವನೋ ಪೋಲಿ ಇರ್ಬೇಕು. ಉಸಿರೂ ಬಿಡ್ತಿಲ್ಲ, ಸುಮ್ನೆ ನನ್ನ ದನಿ ಕೇಳ್ತಾ ಕೂತಿದ್ದಾನೆ" ಎಂದು ಹೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಸಂಪಾದಕರು ಹಿಂದೆ ನಿಂತಿದ್ದರು. "ಪಾಪ, ಅವರ ತಪ್ಪೇನಿದೆ? ಇಲ್ಲಿ ನಿಂತಿರೋ ನನಗೇ ಅರ್ಧ ಕೇಳಿಸ್ತಿದೆ" ಎಂದರು. ಎಲ್ಲರೂ ನಕ್ಕರು. ಪುಟ ಕಟ್ಟುವ ಅಕ್ಕ ಮಾತ್ರ ನಗದೆ ತನ್ನ ಕಂಪ್ಯೂಟರಿನತ್ತ ತಿರುಗಿಕೊಂಡಳು. ಅವಳನ್ನು ನಾವೆಲ್ಲ ಪುಟದಕ್ಕ ಎನ್ನುತ್ತೇವೆ.

ನನ್ನ ಗಂಟಲಲ್ಲೇ ಏನೋ ಕೊರತೆ ಇದೆ. ಇಷ್ಟು ದಿನ ಅದು ನನ್ನ ಸ್ವಂತ ವಿಷಯವಾಗಿತ್ತು.

ಫೆಬ್ರವರಿ 12, ಬುಧವಾರ

ಬಚ್ಚಲಮನೆಯ ಬಾಗಿಲು ಹಾಕಿಕೊಂಡು "ನಮಸ್ಕಾರ, ನಾನು ಪತ್ರಿಕೆಯಿಂದ ಮಾತಾಡುತ್ತಿದ್ದೇನೆ" ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸ ಮಾಡಿದೆ. ದೊಡ್ಡಮ್ಮ ಬಾಗಿಲು ತಟ್ಟಿ, "ಯಾರ ಜೊತೆ ಜಗಳ? ನಾನೂ ಬರ್ಲಾ?" ಎಂದಳು.

ಮಧ್ಯಾಹ್ನ ಕಚೇರಿಯಲ್ಲಿ ಅಷ್ಟೇ ಗಟ್ಟಿಯಾಗಿ ಹೇಳಿದೆ. ಹಲೋ, ಹಲೋ, ಟಕ್.

ಫೆಬ್ರವರಿ 16, ಭಾನುವಾರ

ಇದನ್ನು ನಿಧಾನವಾಗಿ, ಆದದ್ದು ಆದ ಹಾಗೆ ಬರೆಯಬೇಕು.

ಸಂಜೆ ಬಸ್ ನಿಲ್ದಾಣದಿಂದ ದೊಡ್ಡಮ್ಮನಿಗೆ ಫೋನು ಮಾಡಿ ದಾರ ಯಾವ ಬಣ್ಣದ್ದು ತರಲಿ ಎಂದು ಕೇಳಿದೆ. ಅವಳೂ ಹಲೋ ಹಲೋ ಎಂದು ಇಟ್ಟಳು. ದಾರ ಕೊಳ್ಳದೆ ಮನೆಗೆ ಬಂದೆ.

"ಫೋನ್ ಮಾಡಿ ಸುಮ್ನೆ ಯಾಕೆ ನಿಂತಿದ್ದೆ?"

"ಸುಮ್ನೆ ಎಲ್ಲಿ ನಿಂತಿದ್ದೆ? ಮಾತಾಡ್ತಾನೇ ಇದ್ದೆ. ನನ್ನ ದನಿ ಗೊತ್ತಲ್ಲ ನಿಂಗೆ."

"ನಿನ್ನ ದನಿ ಹಾಳಾಗ್ಲಿ. ಮೊದಲು ಬಸ್ಸಿನ ಹಾರನ್ ಕಿವಿ ಹರಿಯೋ ಹಾಗೆ ಕೇಳ್ತಿತ್ತು. ಆಮೇಲೆ ಅದೂ ನಿಂತುಹೋಯ್ತು, ಬಾವಿಗೆ ಬಿದ್ದ ಹಾಗೆ."

ಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತೆ. ನನ್ನ ದನಿ ಕೇಳಿಸದಿರಬಹುದು. ಆದರೆ ಬಸ್ಸು ಪಿಸುಗುಟ್ಟುವುದಿಲ್ಲ.

ಗೋಡೆಯ ಕನ್ನಡಿಗೆ ಓರೆಯಾಗಿ ನಿಂತು ಫೋನನ್ನು ಕಿವಿಗಿಟ್ಟು ದೊಡ್ಡಮ್ಮನ ನಂಬರಿಗೆ ಕರೆ ಮಾಡಿದೆ. ಯಾವ ಫೋನಾದರೂ ಮುಖದ ಹತ್ತಿರ ಬಂದ ಕೂಡಲೇ ಪರದೆಯ ದೀಪ ಆರಿಸಿಕೊಳ್ಳುತ್ತದೆ, ಕೆನ್ನೆ ತಗುಲಿ ಏನೂ ಒತ್ತಿಹೋಗಬಾರದೆಂದು. ಇದು ಆರಲಿಲ್ಲ. ನನ್ನ ಕೆನ್ನೆಯ ಮೇಲೆ ಅದರ ಬೆಳಕು ಬಿದ್ದದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಮೆಲ್ಲಗೆ ಸರಿಸಿ ನೋಡಿದೆ. ಮೈಕಿನ ಚಿತ್ರಕ್ಕೆ ಅಡ್ಡಗೆರೆ ಬಿದ್ದಿತ್ತು. ಮ್ಯೂಟ್. ನನ್ನ ಬಾಯಿಯನ್ನು ನನ್ನ ಕೆನ್ನೆಯೇ ಮುಚ್ಚಿತ್ತು. ಒತ್ತಿ ಹಿಡಿದಷ್ಟೂ ಭದ್ರವಾಗಿ ಮುಚ್ಚಿತ್ತು.

ದೊಡ್ಡಮ್ಮನ ಕೈಗೆ ಈ ಫೋನು ಕೊಟ್ಟು, ಕಿವಿಗಿಟ್ಟು ನಿನ್ನ ನಂಬರಿಗೇ ಕರೆ ಮಾಡು ಎಂದು, ಅವಳದನ್ನು ಹಿಡಿದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವಳ ದನಿ ಸಾಮಾನ್ಯದ್ದಲ್ಲ, ಒಲೆಯ ಮುಂದೆ ನಿಂತು ಬೀದಿಯ ಕೊನೆಯವರನ್ನು ವಿಚಾರಿಸಿಕೊಳ್ಳಬಲ್ಲಳು. "ಕೇಳಿಸ್ತಾ? ಏ, ಕೇಳಿಸ್ತೇನೇ?" ಎಂದದ್ದು ಗೋಡೆಯಿಂದ ಬಂತು, ಬಾಗಿಲಿನಿಂದ ಬಂತು. ಫೋನಿನಿಂದ ಬರಲಿಲ್ಲ.

ಬಾಗಿಲು ತೆರೆದು ನಗತೊಡಗಿದೆ. ನಗು ನಿಲ್ಲಲೇ ಇಲ್ಲ. ದೊಡ್ಡಮ್ಮ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, "ಮೇಲೆ ಥಳಕು, ಒಳಗೆ ಹುಳುಕು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕೆ ಅಳ್ತಿದ್ದೀಯ?" ಎಂದಳು.

ಅಳುತ್ತಿರಲಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದಿತ್ತು, ಅಷ್ಟೆ.

ಫೆಬ್ರವರಿ 17, ಸೋಮವಾರ

ಕಚೇರಿಯಲ್ಲಿ ಪುಟದಕ್ಕನಿಗೂ ಫೋನನ್ನು ಕಿವಿಗಿಟ್ಟು ನೋಡಲು ಕೊಟ್ಟೆ. ಅವಳ ಕೆನ್ನೆ ಗುಂಡಗಿದೆ, ನನ್ನದು ಚಪ್ಪಟೆ. ಎರಡಕ್ಕೂ ಫೋನು ಒಂದೇ ನ್ಯಾಯ ಮಾಡಿತು. "ನಂಗೆ ಇಂಥದ್ದೊಂದು ಬೇಕಲ್ಲೇ, ನಾನು ಫೋನ್ ಮಾಡಿದಾಗ ನನ್ನ ಗಂಡನಿಗೆ ನೆಮ್ಮದಿ" ಎಂದಳು.

ಕಂಪನಿಯಿಂದ ಟೈ ಕಟ್ಟಿದ ಒಬ್ಬರು ಬಂದಿದ್ದರು. ಮುಂದಿನ ಸಂಚಿಕೆಯ ಹಿಂಬದಿ ರಕ್ಷಾಪುಟಕ್ಕೆ ಈ ಫೋನಿನದೇ ಜಾಹೀರಾತು. ನಾನು ಸಂಪಾದಕರ ಕೋಣೆಯ ಬಾಗಿಲಲ್ಲಿ ನಿಂತು ವಿಷಯ ಹೇಳಿದೆ. ಟೈ ಕಟ್ಟಿದವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅದು ಡಿಸೈನ್ ಮೇಡಂ. ಬೇರೆ ಫೋನುಗಳಲ್ಲಿ ಮೇಲ್ಗಡೆ ಒಂದು ಸಣ್ಣ ಸೆನ್ಸರ್ ಇರುತ್ತೆ, ಕಣ್ಣಿನ ಹಾಗೆ. ಮುಖ ಬಂತು ಅಂತ ಅದಕ್ಕೆ ಗೊತ್ತಾಗೋದು. ನೋಡೋಕೆ ಚೆನ್ನಾಗಿರಲ್ಲ ಅಂತ ನಾವು ತೆಗೆದಿದ್ದೀವಿ. ಕೈ ಅಲ್ಲಾಡಿದ್ದು ನೋಡಿ ಫೋನೇ ಊಹೆ ಮಾಡುತ್ತೆ."

"ಊಹೆ ತಪ್ಪಾಗ್ತಿದೆ."

"ಈಗೆಲ್ಲ ಇಯರ್‌ಫೋನ್ ಹಾಕ್ಕೊಂಡು ಮಾತಾಡ್ತಾರೆ. ಕಿವಿಗೆ ಯಾರು ಹಿಡ್ಕೋತಾರೆ ಹೇಳಿ?"

"ನಮ್ಮ ದೊಡ್ಡಮ್ಮ."

"ಹಾಗಿದ್ರೆ ಅವರಿಗೆ ಕೆನ್ನೆ ಸ್ವಲ್ಪ ದೂರ ಇಟ್ಕೊಳ್ಳೋಕೆ ಹೇಳಿ."

ಸಂಪಾದಕರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಅಂದ್ರೆ ತಪ್ಪು ಫೋನಿಂದಲ್ಲ, ಕೆನ್ನೆದು" ಎಂದರು. ಇಬ್ಬರೂ ನಕ್ಕರು. ಎದುರಿಗಿದ್ದವರು ನಕ್ಕರೆ ಮರ್ಯಾದೆಗಾದರೂ ನಗುವುದು ನನ್ನ ಅಭ್ಯಾಸ. ಇವತ್ತು ಮರೆತೆ.

ಅಂದ ಕೆಡುತ್ತದೆಂದು ಕಣ್ಣು ಕಿತ್ತವರು ನನ್ನ ಕೆನ್ನೆಗೆ ಬುದ್ಧಿ ಹೇಳುತ್ತಾರೆ.

ಫೆಬ್ರವರಿ 20, ಗುರುವಾರ

ವಿಮರ್ಶೆ ಕೊಟ್ಟೆ. ಬಣ್ಣ, ಬ್ಯಾಟರಿ, ಒತ್ತಕ್ಷರ, ಎಲ್ಲದಕ್ಕೂ ಸಲ್ಲಬೇಕಾದ ಹೊಗಳಿಕೆ ಸಲ್ಲಿಸಿದ್ದೆ. ಬಿಸಿಲು, ಒದ್ದೆ ಕೈ, ಜಾರುವ ಬೆನ್ನು, ಇವನ್ನೂ ಬರೆದಿದ್ದೆ. ಆಮೇಲೆ ಕೆನ್ನೆಯ ಒಂದು ಪ್ಯಾರಾ.

ಸಂಪಾದಕರು ಓದಿ, "ಭಾಷೆ ಅಂದ್ರೆ ಭಾಷೆ. ಪಾರಿವಾಳದ ಕತ್ತು, ವಾಹ್" ಎಂದರು. ಆಮೇಲೆ ಕೆನ್ನೆಯ ಪ್ಯಾರಾದ ಸುತ್ತ ಪೆನ್ನಿನಿಂದ ಗೆರೆ ಎಳೆದರು. "ಇದು ಬೇಡ. ಇಲ್ಲಿ ಒಂದೇ ಪದ ಹಾಕು. ಕರೆಯ ಗುಣಮಟ್ಟ: ಪರವಾಗಿಲ್ಲ."

"ಸರ್, ಕೊಂಡ್ಕೊಂಡವರಿಗೆ ಮಾತಾಡೋಕೇ ಆಗಲ್ಲ."

"ಅದಕ್ಕೇ ಪರವಾಗಿಲ್ಲ ಅಂತಿರೋದು. ಚೆನ್ನಾಗಿದೆ ಅಂದ್ರೆ ಸುಳ್ಳು, ಕೆಟ್ಟದಾಗಿದೆ ಅಂದ್ರೆ ಜಗಳ. ಪರವಾಗಿಲ್ಲ ಅಂದ್ರೆ ಯಾರಿಗೂ ನೋವಿಲ್ಲ. ದಿನಕ್ಕೆ ನೂರು ಸಲ ಹೇಳ್ತೀಯಲ್ಲ, ಒಂದು ಸಲ ಬರೆಯೋಕೇನು ಕಷ್ಟ?"

ದಿನಕ್ಕೆ ನೂರು ಸಲ ಹೇಳುತ್ತೇನೆಂಬುದು ಅವರಿಗೂ ಗೊತ್ತಿದೆ.

ಫೆಬ್ರವರಿ 21, ಶುಕ್ರವಾರ

ಬರೆದು ಕೊಟ್ಟೆ. ಅವರು ಕೇಳಿದ ಪದವನ್ನೇ ಹಾಕಿದ್ದೆ. "ಮಾತಾಡುವವರ ಮಟ್ಟಿಗೆ ಈ ಫೋನು ಪರವಾಗಿಲ್ಲ, ಅಂದರೆ, ಅವರ ಪರವಾಗಿ ಇಲ್ಲ."

ಬೆಳಗ್ಗೆ ಬಸ್ಸಿನಲ್ಲಿ ಹೊಳೆದ ವಾಕ್ಯ. ಇಡೀ ದಾರಿ ಒಳಗೊಳಗೇ ನಗುತ್ತ ಬಂದಿದ್ದೆ.

ಸಂಪಾದಕರೂ ನಕ್ಕರು. ಮನಸಾರೆ ನಕ್ಕರು. "ಜಾಣೆ ಕಣೇ ನೀನು" ಎಂದು ಮೊದಲ ಅಲ್ಪವಿರಾಮದಿಂದ ಆಚೆ ಇದ್ದದ್ದನ್ನೆಲ್ಲ ಹೊಡೆದುಹಾಕಿದರು. ಉಳಿದದ್ದು: ಮಾತಾಡುವವರ ಮಟ್ಟಿಗೆ ಈ ಫೋನು ಪರವಾಗಿಲ್ಲ. ನನ್ನ ಕೈಯಿಂದಲೇ ಬರೆಸಿಕೊಂಡ ಹಾಗಾಯಿತು.

ಫೆಬ್ರವರಿ 22, ಶನಿವಾರ

ಶ್ಲೇಷೆಯೂ ಒಂದು ಪಿಸುಮಾತೇ. ಅರ್ಥವಾದವರಿಗೆ ಆಗಲಿ, ಆಗದವರು ನನ್ನ ಮೇಲೆ ಸಿಟ್ಟಾಗದಿರಲಿ ಎಂದು ಬಾಗಿಲ ಸಂದಿಯಲ್ಲಿ ನಿಂತು ಆಡುವ ಮಾತು. ತರಗತಿಯಲ್ಲಿ ಅದಕ್ಕೆ ಒಳ್ಳೆಯ ಅಂಕ ಬರುತ್ತಿತ್ತು.

ಮತ್ತೆ ಬರೆದೆ: "ಕಿವಿಗೆ ಹಿಡಿದು ಮಾತಾಡಿದರೆ ಈ ಫೋನು ನಿಮ್ಮ ದನಿ ಮುಚ್ಚುತ್ತದೆ. ತಪ್ಪು ನಿಮ್ಮ ಕೆನ್ನೆಯದಲ್ಲ. ಮಾತಾಡಲು ಫೋನು ಬೇಕಾದವರು ಇದನ್ನು ಕೊಳ್ಳಬೇಡಿ."

ದೊಡ್ಡಮ್ಮನಿಗೆ ಓದಿ ಹೇಳಿದೆ. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು, "ಇದರಲ್ಲಿ ಸಾಹಿತ್ಯ ಎಲ್ಲಿದೆ?" ಎಂದಳು.

"ಇಲ್ಲ."

"ಒಳ್ಳೇದಾಯ್ತು. ನಂಗೂ ಅರ್ಥ ಆಯ್ತು."

ಫೆಬ್ರವರಿ 24, ಸೋಮವಾರ

ಪುಟದಕ್ಕನ ಕಂಪ್ಯೂಟರಿನಲ್ಲಿ ನನ್ನ ಪುಟ ಆಗಲೇ ಸಿದ್ಧವಾಗಿತ್ತು. ನನ್ನ ಹೆಸರು, ನಗುತ್ತಿರುವ ನನ್ನ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ "ಕರೆಯ ಗುಣಮಟ್ಟ: ಪರವಾಗಿಲ್ಲ."

ಹೊಸ ಹಾಳೆ ಹಿಡಿದು ಸಂಪಾದಕರ ಕೋಣೆಗೆ ಹೋದೆ. ಅವರು ಮೂರು ವಾಕ್ಯ ಓದಿ ಹಾಳೆಯನ್ನು ನನ್ನ ಕಡೆಗೇ ತಳ್ಳಿದರು.

"ಇದು ಹೋಗಲ್ಲ."

"ಹಾಗಿದ್ರೆ ನನ್ನ ಹೆಸರು ತೆಗೀರಿ ಸರ್. ಫೋಟೋನೂ."

"ಹೆಸರು ತೆಗೆದ್ರೆ ಅದು ವಿಮರ್ಶೆ ಹೇಗಾಗುತ್ತೆ? ಒಬ್ಬಳು ಹುಡುಗಿ ನಿಜವಾಗ್ಲೂ ಬಳಸಿದ್ದಾಳೆ ಅಂತಲ್ವಾ ಜನ ಓದೋದು?"

"ಬಳಸಿದ್ದೀನಿ. ಅದಕ್ಕೇ."

"ನೋಡು, ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ. ಕಾಯಂ ಆಗ್ಬೇಕೋ ಬೇಡ್ವೋ?"

"ಆಗ್ಬೇಕು ಸರ್. ನಂಗೆ ಈ ಕೆಲಸ ಇಷ್ಟ. ಆ ಮೂರು ವಾಕ್ಯಾನೂ ಇರ್ಬೇಕು."

"ಎರಡೂ ಆಗಲ್ಲ."

ಇಂಥ ಹೊತ್ತಿನಲ್ಲಿ ನನ್ನ ಬಾಯಿಂದ ಯಾವ ಪದ ಬರುತ್ತದೆಂದು ನನಗೆ ಗೊತ್ತು, ಅವರಿಗೂ ಗೊತ್ತು. ಅವರು ಅದಕ್ಕೆಂದೇ ಕಾಯುತ್ತಿದ್ದರು. ಆ ಪದ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಹಾಗಿದ್ರೆ ವಾಕ್ಯ ಇರಲಿ," ಎಂದೆ. "ಅದಿಲ್ಲದೆ ನನ್ನ ಹೆಸರು ಹಾಕಿದ್ರೆ, ಓದುಗರ ಪಟ್ಟಿ ನನ್ನ ಹತ್ರಾನೇ ಇದೆಯಲ್ಲ, ಒಬ್ಬೊಬ್ಬರಿಗೂ ಫೋನ್ ಮಾಡಿ ನಾನು ಬರೆದಿದ್ದಲ್ಲ ಅಂತ ಹೇಳ್ತೀನಿ. ಬೇರೆ ಫೋನಿಂದ."

ಸಂಪಾದಕರು ಬಾಗಿಲಿನ ಕಡೆ ಒಮ್ಮೆ ನೋಡಿ, "ಕೂಗಬೇಡ, ಕೇಳಿಸ್ತಿದೆ" ಎಂದರು.

ಅವರು ಹಾಗೆ ಯಾಕೆ ಅಂದರೋ ತಿಳಿಯಲಿಲ್ಲ. ನಾನು ಕೂಗಿರಲಿಲ್ಲ. ಹೊರಗೆ ಬಂದಾಗ ಎಲ್ಲರೂ ತಮ್ಮ ತಮ್ಮ ಮೇಜಿನ ಮೇಲೆ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದರು.

ಫೆಬ್ರವರಿ 28, ಶುಕ್ರವಾರ

ಸಂಚಿಕೆ ಬಂತು. ನನ್ನ ಪುಟದಲ್ಲಿ ಸಂಪಾದಕರ ಹೆಸರು, ಸಂಪಾದಕರ ಫೋಟೋ. ಪಾರಿವಾಳದ ಕತ್ತು ಹಾಗೇ ಇದೆ. ಕರೆಯ ಗುಣಮಟ್ಟ ಪರವಾಗಿಲ್ಲವಂತೆ. ಹಿಂಬದಿ ರಕ್ಷಾಪುಟದ ಮೇಲೆ ಫೋನು ನೀಲಿ ಹಸಿರಾಗಿ ಮಿಂಚುತ್ತಿದೆ.

ಕಾಯಂ ಆಗಲಿಲ್ಲ. ಸೋಮವಾರದಿಂದ ಬರುವುದು ಬೇಡ. ದೊಡ್ಡಮ್ಮ ಥಳಕು ಎಂದ ಆ ಫೋನನ್ನು ಡಬ್ಬಿಗೆ ಹಾಕಿ ಕೊಟ್ಟು ನನ್ನ ಹಳೆಯದನ್ನು ಬಿಡಿಸಿಕೊಂಡು ಬಂದೆ. ಪುಟದಕ್ಕ ಮೆಟ್ಟಿಲಿನವರೆಗೆ ಬಂದು, "ನಿನ್ನ ಹೆಸರು ನಾನೇ ಅಳಿಸಿದ್ದು. ಇಷ್ಟು ವರ್ಷದಲ್ಲಿ ಒಂದು ಹೆಸರು ಅಳಿಸಿ ಖುಷಿಯಾಗಿದ್ದು ಇದೇ ಮೊದಲು" ಎಂದಳು.

ಮನೆಯಲ್ಲಿ ದೊಡ್ಡಮ್ಮನಿಗೆ ಹೇಳಿದೆ. ಅವಳು ಯಂತ್ರ ನಿಲ್ಲಿಸದೆ, "ಬೇಜಾರಾ?" ಎಂದಳು.

"ಹೂಂ. ತುಂಬಾ."

ಅವಳು ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದಳು.

ಮಾರ್ಚ್ 4, ಮಂಗಳವಾರ

ದೊಡ್ಡಮ್ಮನ ಇಸ್ತ್ರಿಪೆಟ್ಟಿಗೆ ಫೋನು ಚಾರ್ಜ್ ಆಗುತ್ತಿಲ್ಲವೆಂದು ಮೊಬೈಲ್ ಅಂಗಡಿಗೆ ಹೋಗಿದ್ದೆವು. ಗಾಜಿನ ಮೇಲೆ ನಮ್ಮ ಪತ್ರಿಕೆಯ ಆ ಪುಟ ಅಂಟಿಸಿದ್ದರು. ಕೆಳಗೆ ಥಳಕುಗಳು ಸಾಲಾಗಿ ನಿಂತಿದ್ದವು. ನರ್ಸ್ ಸಮವಸ್ತ್ರದ ಒಬ್ಬ ಹೆಂಗಸು ಅದರಲ್ಲೊಂದನ್ನು ಕೈಯಲ್ಲಿ ಹಿಡಿದು ಓರೆ ಮಾಡಿ, ನೇರ ಮಾಡಿ ನೋಡುತ್ತಿದ್ದರು.

"ಚಂದ ಇದೆ. ಆದ್ರೆ ನಂಗೆ ಮಾತಾಡೋಕೆ ಸರಿಯಾಗಿರ್ಬೇಕು ಅಣ್ಣ. ಮನೆಗಳಿಗೆ ಹೋಗಿ ಇಂಜೆಕ್ಷನ್ ಕೊಡೋಳು ನಾನು. ಡಾಕ್ಟರಿಗೆ ಅರ್ಜೆಂಟಾಗಿ ಫೋನ್ ಮಾಡ್ಬೇಕಾಗುತ್ತೆ."

ಅಂಗಡಿಯವನು ಗಾಜಿನ ಮೇಲೆ ಬೆರಳಿಟ್ಟ. "ನಾನು ಹೇಳೋದು ಬೇಡಕ್ಕ, ಪತ್ರಿಕೆಯವರೇ ಬರೆದಿದ್ದಾರೆ ನೋಡಿ. ಪರವಾಗಿಲ್ಲ ಅಂತ."

"ಅದು ಸುಳ್ಳು," ಎಂದೆ.

ಅವರಿಬ್ಬರೂ ತಿರುಗಿದರು. ದೊಡ್ಡಮ್ಮನೇ ಮಾತು ಮುಂದುವರಿಸಬಹುದೆಂದು ಅವಳ ಮುಖ ನೋಡಿದೆ. ಅವಳು ಚಾರ್ಜರುಗಳ ಕಡೆ ತಿರುಗಿಕೊಂಡಳು. ಬೇಕೆಂದೇ ಮಾಡಿದಳು.

"ಇದನ್ನ ಕಿವಿಗೆ ಇಟ್ಕೊಂಡು ನಂಗೊಂದು ಫೋನ್ ಮಾಡಿ ಅಕ್ಕ," ಎಂದು ನರ್ಸ್‌ಗೆ ಹೇಳಿದೆ. ಅವರ ಸಿಮ್ ಆಗಲೇ ಅದರೊಳಗಿತ್ತು. ನನ್ನ ನಂಬರು ಹೇಳಿ ಅಂಗಡಿಯ ಹೊರಗೆ ಹೋಗಿ ನಿಂತೆ. ಅವರ ತುಟಿ ಅಲುಗುವುದು ಗಾಜಿನ ಮೂಲಕ ಕಾಣುತ್ತಿತ್ತು. ಮೊದಲು ಅಂಗಡಿಯ ಗದ್ದಲ ಕೇಳಿಸಿತು, ಆಮೇಲೆ ಏನೂ ಇಲ್ಲ. ಒಳಗೆ ಬಂದು ಫೋನನ್ನು ಅವರ ಮುಖದಿಂದ ಮೆಲ್ಲಗೆ ಬಿಡಿಸಿ, ಅಡ್ಡಗೆರೆ ಬಿದ್ದ ಮೈಕನ್ನು ತೋರಿಸಿದೆ.

"ನಾನು ಒತ್ತಲೇ ಇಲ್ಲವಲ್ಲ," ಎಂದರು ಅವರು.

"ನೀವಲ್ಲ. ನಿಮ್ಮ ಕೆನ್ನೆ ತಗುಲಿದ್ದು. ಕೆನ್ನೆ ಬಂತು ಅಂತ ತಿಳಿಯೋ ಸೆನ್ಸರೇ ಇದರಲ್ಲಿಲ್ಲ, ಅಂದ ಕೆಡುತ್ತೆ ಅಂತ ತೆಗೆದಿದ್ದಾರೆ. ನಾನು ಇದನ್ನ ಬಳಸಿ ನೋಡಿದ್ದೀನಿ."

ಅಂಗಡಿಯವನು ಕೌಂಟರಿನಿಂದ ಅರ್ಧ ಹೊರಗೆ ಬಾಗಿದ. "ಏನಮ್ಮಾ ನೀನು, ಸ್ವಲ್ಪ ಮೆಲ್ಲಗೆ ಮಾತಾಡು. ಅಂಗಡಿ ತುಂಬ ಜನ ಇದ್ದಾರೆ."

"ಅದಕ್ಕೇ ಜೋರಾಗಿ ಹೇಳ್ತಿರೋದು."

ಹಿಂದೆ ನಿಂತಿದ್ದ ಯಾರೋ ತಮ್ಮ ಕೈಯಲ್ಲಿದ್ದ ಥಳಕನ್ನು ಗಾಜಿನ ಮೇಲಿಟ್ಟರು. ನರ್ಸ್ ತಮ್ಮ ಸಿಮ್ ತೆಗೆಸಿಕೊಂಡು, "ಹಾಗಿದ್ರೆ ಯಾವುದು ತಗೊಳ್ಲಿ, ನೀವೇ ಹೇಳಿ" ಎಂದರು. ಪಕ್ಕದಲ್ಲಿದ್ದವರೂ ಹತ್ತಿರ ಬಂದರು. ಅಲ್ಲಿದ್ದ ಒಂದೊಂದು ಫೋನನ್ನೂ ಕಿವಿಗಿಟ್ಟು, ಹೊರಗೆ ಹೋಗಿ, ಒಳಗೆ ಬಂದು ನೋಡಿ ಹೇಳಿದೆ. ಅಂಗಡಿ ಮುಚ್ಚುವ ಹೊತ್ತಾಯಿತು.

ಗಂಟಲು ನೋಯುತ್ತಿದೆ. ದೊಡ್ಡಮ್ಮ ಬಿಸಿನೀರು ಕೊಟ್ಟಳು. ಶೀತ ಆಗಿರಬೇಕು.